ಎಲ್ವುಡ್ ಎಳೆಯದ ಮರ

ಎಲ್ವುಡ್‌ನ ಬಲೆ ಮತ್ತೆ ಹರಿದಿತ್ತು. ಅಣೆಕಟ್ಟಿನಿಂದ ಕೆಳಗೆ, ಹೊಳೆ ತಿರುಗುವಲ್ಲಿ ಅಡ್ಡಬಿದ್ದಿದ್ದ ದೊಡ್ಡ ಫರ್ ಮರದ ಬೇರುಗಳೇ ಅದಕ್ಕೆ ಕಾರಣ. ಶರತ್ಕಾಲದ ಸಾಲ್ಮನ್ ಮೀನುಗಳು ಕಡಲಿನಿಂದ ಏರಿ ಬರುತ್ತಿದ್ದವು. ಆದರೆ ಮನೆಯ ಹಿಂದೆ ಮೀನು ಒಣಗಿಸುವ ಹೊಗೆಗೂಡು ಇನ್ನೂ ಖಾಲಿ. ಹೊಗೆಯಲ್ಲಿ ಒಣಗಿಸಿದ ಮೀನಿಲ್ಲದೆ ಚಳಿಗಾಲ ಕಳೆಯುವುದನ್ನು ಆ ಕಣಿವೆಯ ಜನ ಊಹಿಸಿಕೊಳ್ಳಲಾರರು.

ಮೀನಿನ ಕಾಲ ಬಂತೆಂದರೆ ಹೊಳೆಯಲ್ಲಿ ಬಿದ್ದ ಮರಗಳನ್ನೆಲ್ಲ ದಡಕ್ಕೆ ಎಳೆದು ಹಾಕುವುದು ಎಲ್ವುಡ್‌ನ ಮನೆತನದ ರೂಢಿ. ಬಲೆಗೆ ದಾರಿಯಾಗುತ್ತದೆ, ಒಲೆಗೆ ಸೌದೆಯಾಗುತ್ತದೆ. ಅದನ್ನು ಅವರು ಹೊಳೆ ಗುಡಿಸುವುದು ಎನ್ನುತ್ತಿದ್ದರು.

ಅಂದು ಬೆಳಿಗ್ಗೆ ಗಾಡಿಯನ್ನು ದಡಕ್ಕೆ ತಂದು, ಮೊಣಕಾಲುದ್ದದ ನೀರಿನಲ್ಲಿ ಸಣ್ಣ ಕಲ್ಲುಗಳ ಮೇಲೆ ನಡೆದು ಹೋಗಿ, ಉಕ್ಕಿನ ಹಗ್ಗದ ಕೊಕ್ಕೆಯನ್ನು ಅವನು ಮರದ ಬೇರಿಗೆ ಸಿಕ್ಕಿಸಿದ. ಬಳಿಕ ಬೇರಿನ ಪಕ್ಕದಲ್ಲೇ ಇದ್ದ ಬಂಡೆಯ ಮೇಲೆ ಹತ್ತಿ ನಿಂತ. ದಡದಲ್ಲಿ, ಗಾಡಿಗೆ ಜೋಡಿಸಿದ್ದ ಹಗ್ಗ ಸುತ್ತುವ ಯಂತ್ರದ ಗುಂಡಿಯ ಮೇಲೆ ಹೆಂಡತಿ ಲವಿನಾಳ ಬೆರಳಿತ್ತು.

"ನಾನು ಕೈ ಎತ್ತಿದ ಕೂಡ್ಲೆ ಒತ್ತು!" ಎಂದು ಅವನು ಕೂಗಿದ. "ಮೊದ್ಲೇ ಒತ್ತಿದ್ರೆ ಮರದ ಜೊತೆ ನಾನೂ ಬರ್ತೀನಿ!"

"ನಿಮ್ಮನ್ನ ಸೀಳಿದ್ರೆ ಸೌದೆ ಆಗೋ ಹಾಗಿದ್ರೆ ಆಗ್ಲೇ ಒತ್ತಿರ್ತಿದ್ದೆ!"

ಅಷ್ಟರಲ್ಲಿ ದಡದ ಪೊದೆಗಳನ್ನು ಸರಿಸಿಕೊಂಡು ಒಬ್ಬಳು ಓಡಿ ಬಂದಳು. ಎಲ್ವುಡ್‌ನ ಅಕ್ಕನ ಮಗಳು ರೊಶೆಲ್. ಆ ಕಣಿವೆಯ ಜನರೇ ನಡೆಸುವ ಮೀನುಗಾರಿಕೆ ಕಚೇರಿಯಲ್ಲಿ ಕೆಲಸ ಮಾಡುವವಳು. "ನಿಲ್ಸಿ ಮಾವಾ!" ಎಂದು ಅವಳು ದೂರದಿಂದಲೇ ಕೂಗಿದ್ದು ನೀರಿನ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ. ಅವಳನ್ನು ಕಂಡ ಸಂತೋಷಕ್ಕೆ ಅವನು ಕೈ ಎತ್ತಿದ.

ಲವಿನಾ ಗುಂಡಿ ಒತ್ತಿದಳು!

ಹಗ್ಗ ಬಿಗಿಯಾಯಿತು. ಮರ ನರಳಿತು. ಬೇರಿನ ಬುಡದಿಂದ ಕೆಸರು ಎದ್ದಿತು.

"ಅತ್ತೇ, ಕೈ ತೆಗೀರಿ!"

ಯಂತ್ರ ನಿಂತಿತು. ಕೆಸರು ತಿಳಿಯಾಗುತ್ತ ಬಂದಾಗ ಮರ ಇದ್ದಲ್ಲಿಯೇ ಇತ್ತು.

"ಏನೇ ರೊಶೆಲ್, ಹೊಳೆಗೆ ಬೆಂಕಿ ಬಿತ್ತೇನೇ?"

"ಆ ಮರ ತಾನಾಗಿ ಬಿದ್ದಿದ್ದಲ್ಲ ಮಾವ. ಬೇಸಿಗೇಲಿ ನಾವೇ ತಂದು ಇಟ್ಟಿದ್ದು!"

"ಬೇಸಿಗೇಲಿ ಇಲ್ಲಿ ಲಾರಿಗಟ್ಟಲೆ ಸಣ್ಣ ಕಲ್ಲು ಸುರಿದೋರೂ ನೀವೇ, ನನ್ನ ಬಲೆ ಹರಿದೋರೂ ನೀವೇ! ಹೊಳೇಲಿ ಕಲ್ಲಿಗೇನೇ ಬರ?"

"ಬರಾನೇ ಮಾವ. ಮೇಲಿಂದ ಬರೋ ಸಣ್ಣ ಕಲ್ಲನ್ನೆಲ್ಲ ಅಣೆಕಟ್ಟು ತಡೆದುಬಿಟ್ಟಿದೆ. ಇಲ್ಲಿದ್ದದ್ದು ಕೊಚ್ಕೊಂಡು ಹೋಯ್ತು. ಉಳಿದಿದ್ದದ್ದು ನಿಮ್ಮ ತಲೆಯಷ್ಟು ದಪ್ಪದ ಗುಂಡುಕಲ್ಲು."

"ಹಾಗಾದ್ರೆ ಅದನ್ನ ಯಾರೂ ಅಲ್ಲಾಡಿಸೋಕಾಗಲ್ಲ ಬಿಡು," ಎಂದಳು ಲವಿನಾ.

"ಮೀನಿಗೂ ಆಗಲ್ಲ ಅತ್ತೆ. ಹೆಣ್ಣು ಮೀನು ಬಾಲ ಬಡಿದು ಕುಳಿ ತೋಡ್ಬೇಕು, ಮೊಟ್ಟೆ ಇಟ್ಟು ಮುಚ್ಬೇಕು. ಸಣ್ಣ ಕಲ್ಲಿದ್ರೆ ತಾನೇ ಅದಾಗೋದು? ಕಲ್ಲಿನ ಸಂದೀಲಿ ನೀರು ಹರಿದ್ರೇನೇ ಮೊಟ್ಟೆಗೆ ಉಸಿರು. ಈ ಮರ ನೀರಿನ ರಭಸ ತಡೆದು ನಾವು ಸುರಿದ ಕಲ್ಲನ್ನ ನಿಲ್ಸಿದೆ. ಎಳೆದ್ರೆ ಬೇರು ಎಲ್ಲಾನೂ ಉತ್ತುಕೊಂಡೇ ದಡಕ್ಕೆ ಬರ್ತದೆ."

"ಎಲ್ಲಿದೆ ಮೊಟ್ಟೆ? ನನಗೆ ಕಾಣೋದು ಬರೀ ಕಲ್ಲು," ಎನ್ನುತ್ತ ಎಲ್ವುಡ್ ಬಂದ ದಾರಿಯಲ್ಲೇ ಮರಳಲು ಕಾಲು ಚಾಚಿದ.

"ಕಾಲಿಡಬೇಡಿ!"

ಕಾಲು ಗಾಳಿಯಲ್ಲೇ ನಿಂತಿತು.

"ಮುಂದೆ ತಿಳಿಬಣ್ಣದ ಕುಳಿ ಕಾಣ್ತಿದೆಯಾ? ಅದರ ಹಿಂದೇನೇ ಸಣ್ಣ ದಿಬ್ಬ? ಆ ದಿಬ್ಬದೊಳಗೇ ಮೊಟ್ಟೆ. ಆಗ ಅದರ ಪಕ್ಕದಲ್ಲೇ ಹೋಗಿದ್ದೀರಿ, ಪುಣ್ಯಕ್ಕೆ ತುಳಿದಿಲ್ಲ. ಮೇಲುಗಡೆ ಮಡು ಸುತ್ತಿಕೊಂಡು ಬನ್ನಿ."

"ಅಲ್ಲಿ ಎದೆಮಟ್ಟ ನೀರು ಕಣೇ! ಅಣೆಕಟ್ಟಿನ ತಳದ ನೀರು, ಮಂಜುಗಡ್ಡೆ!"

"ಒಳ್ಳೇದಾಯ್ತು," ಎಂದಳು ಲವಿನಾ. "ಹೇಗೂ ಸ್ನಾನ ಆಗಿಲ್ಲ."

ಗೊಣಗುತ್ತಲೇ ಕೊಕ್ಕೆ ಬಿಡಿಸಿ ಅವನು ಮಡುವಿಗೆ ಇಳಿದ. ಅರ್ಧ ದಾರಿಯಲ್ಲಿ ಥಟ್ಟನೆ ನಿಂತುಬಿಟ್ಟ.

"ಏನಾಯ್ತು? ಕಾಲು ಜಾರಿತಾ?" ಲವಿನಾಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ಶ್!"

ಮರದ ನೆರಳಿಗೆ ದೊಡ್ಡದೊಂದು ಹೆಣ್ಣು ಸಾಲ್ಮನ್ ಬಂದಿತ್ತು. ಕಲ್ಲು ತೋಡಿ ತೋಡಿ ಅದರ ಬಾಲದ ಅಂಚು ಸವೆದು ಬೆಳ್ಳಗಾಗಿತ್ತು. ಅದು ಮಗ್ಗುಲಿಗೆ ಹೊರಳಿ ಬಾಲ ಬಡಿಯಿತು. ಸಣ್ಣ ಕಲ್ಲುಗಳು ಚಿಮ್ಮಿದವು. ಮತ್ತೆ ಬಡಿಯಿತು. ಹಿಂದೆ ಗಂಡು ಮೀನು ಕಾದಿತ್ತು. ಎಲ್ವುಡ್‌ನ ಹಲ್ಲುಗಳು ಕಟಕಟಿಸುತ್ತಿದ್ದವು. ಆದರೂ ಅವನು ಅಲುಗಲಿಲ್ಲ.

ಕೊನೆಗೆ ಮೆಲ್ಲನೆ ಹೇಳಿದ: "ಲವಿನಾ, ಆ ಹಗ್ಗ ಸುತ್ತಿ ಒಳಗಿಡು. ನಾವು ಗುಡಿಸ್ತಿದ್ದದ್ದು ಇವರ ಹೆರಿಗೆಮನೆ ಕಣೇ."

ಬಲೆಯನ್ನು ಹೊಲಿದು, ರೊಶೆಲ್ ತೋರಿಸಿದ ಕೆಳಗಿನ ಮಡುವಿನಲ್ಲಿ ಅವರು ಬಿಟ್ಟರು. ಅಲ್ಲಿ ಮರವೂ ಇರಲಿಲ್ಲ, ಮೊಟ್ಟೆಯಿಡುವ ಕಲ್ಲೂ ಇರಲಿಲ್ಲ. ವಾರ ಕಳೆಯುವಷ್ಟರಲ್ಲಿ ಹೊಗೆಗೂಡಿನಲ್ಲಿ ಮೀನಿನ ಸೀಳುಗಳು ತೂಗಾಡತೊಡಗಿದವು.

ಹೊಳೆದಡದ ಬಂಧುಗಳೇ, ನೀರಿನಲ್ಲಿ ಬಿದ್ದ ಮರವನ್ನು ಕಸವೆಂದು ಎಳೆಯಬೇಡಿ. ಮೊದಲು ಮೀನುಗಾರಿಕೆ ಕಚೇರಿಯನ್ನು ಕೇಳಿ. ಮೀನು ಮೊಟ್ಟೆಯಿಡುವ ಶರತ್ಕಾಲದಿಂದ ಮರಿಗಳು ಕಲ್ಲಿನೊಳಗಿಂದ ಏಳುವ ವಸಂತದವರೆಗೆ, ತಿಳಿಬಣ್ಣದ ಕುಳಿ, ದಿಬ್ಬ ಕಂಡಲ್ಲಿ ಕಾಲಿಡಬೇಡಿ, ಬಲೆ ಬಿಡಬೇಡಿ. ಮಕ್ಕಳನ್ನೂ ನಾಯಿಗಳನ್ನೂ ದಡದಲ್ಲೇ ನಿಲ್ಲಿಸಿಕೊಳ್ಳಿ. ಇದನ್ನು ಇಂದೇ ನೆರೆಮನೆಯವರಿಗೂ ತಿಳಿಸಿ. ಅವರ ಗಾಡಿ ಹೊಳೆಯ ದಾರಿ ಹಿಡಿಯುವ ಮುನ್ನವೇ ತಿಳಿಸಿ.