ಕೆಂಪು ಬಟ್ಟೆಯ ಗೂಟ

ಏಣಿಯ ಕಾಲು ನೆಲಕ್ಕೆ ಉಜ್ಜಿದ ಸದ್ದು, ಅಂದರೆ ತಂದೇಬಿಟ್ಟರು, ಗಡಿಯಾರ ನಿಲ್ಲಿಸುವ ಏಣಿ, ಅಧಿವೇಶನದ ಕೊನೆಯ ದಿನ ಪ್ರತಿಸಲವೂ ಇದೇ ಆಟ — ಮಧ್ಯಾಹ್ನ ಹನ್ನೆರಡು ಹೊಡೆದರೆ ಸಭೆ ಮುಗಿಯಿತು, ಪಾಸಾಗದ ಮಸೂದೆ ಸತ್ತಿತು, ಅದಕ್ಕೇ ಬಾಗಿಲು ಕಾಯುವವನನ್ನು ಹತ್ತಿಸಿ ಮುಳ್ಳು ಹಿಡಿಸುವುದು, ಸೆನೆಟ್ ಸದಸ್ಯ, ವಕೀಲ ಥರ್ಲೊ ತಾನೂ ಎಷ್ಟೋ ಸಲ ನಕ್ಕು ಸುಮ್ಮನಿದ್ದವನೇ, ಇವತ್ತು ನಗು ಬರಲಿಲ್ಲ, ನಾಲಿಗೆ ಮರದ ತುಂಡಾಗಿದೆ, ಬೆಳಗಿನಿಂದ ನಿಂತು ಮಾತಾಡುತ್ತಲೇ ಇದ್ದಾನೆ, ಈ ಸೆನೆಟ್‌ನಲ್ಲಿ ನಿಂತವನು ತಾನಾಗಿ ಕೂರುವ ತನಕ ಯಾರೂ ಅವನ ಬಾಯಿ ಮುಚ್ಚಿಸುವಂತಿಲ್ಲ, ಕೂತನೋ, ಮಸೂದೆಯನ್ನು ಮತಕ್ಕೆ ಹಾಕುತ್ತಾರೆ, ಆಮೇಲೆ ರೈಲು ಕಂಪನಿ ಯಾರ ಹೊಲವನ್ನಾದರೂ ಜ್ಯೂರಿಯ ಮುಂದೆ ಬೆಲೆ ಕಟ್ಟಿಸದೆ ಕಿತ್ತುಕೊಳ್ಳಬಹುದು, ಮೊದಲು ವಾಬಾಶ್ ಹೊಳೆಯಂಚಿನ ವಿಧವೆ ಕೆಜಾಯಳ ಹೊಲ, ಮುಸುಕಿನ ಜೋಳದ ನಡುವೆ ಹಳಿಯ ದಾರಿ ಗುರುತಿಸಲು ಕಂಪನಿಯವರು ನೆಟ್ಟ ಗೂಟ, ತಲೆಗೆ ಕೆಂಪು ಬಟ್ಟೆ, ಹಗಲು ಅವರು ನೆಡುವುದು, ಸಂಜೆ ಅವಳು ಕೀಳುವುದು, ನಂಗೇನ್ ನಷ್ಟ ವಕೀಲರೇ, ಒಲೆಗೆ ಒಣಸೌದೆ ಕೊಡ್ತಾವ್ರೆ ಪುಣ್ಯಾತ್ಮರು, ಅಂದಿದ್ದಳು, ಆ ಬೆಂಕಿಯಲ್ಲೇ ಬೇಯಿಸಿ ಅವಳು ಕೊಟ್ಟ ಜೋಳದ ರೊಟ್ಟಿ, ಹಿಡಿದ ಇವನ ಅಂಗೈ ಸುಟ್ಟಿತ್ತು, ಈಗಲೂ ಸುಡುತ್ತಿದೆ — ಕೂತ್ಕೊಳಯ್ಯಾ ಥರ್ಲೊ, ಹೆಣದ ಮುಂದೂ ಇಷ್ಟೊತ್ತು ಯಾರೂ ಅಳಲ್ಲ, ಪಕ್ಕದ ಪೀಠದ ಬೀಚಮ್, ಹೊಗೆಸೊಪ್ಪು ಉಗಿದು, ಎಲ್ಲರೂ ಗೊಳ್ಳೆಂದರು, ಬೀಚಮ್‌ಗೆ ಕಂಪನಿ ಪುಕ್ಕಟೆ ರೈಲು ಪಾಸು ಕೊಟ್ಟಿದೆ, ಥರ್ಲೊಗೂ ಕಳಿಸಿತ್ತು, ಇವನು ಅದನ್ನು ಸುಟ್ಟು ಚುರುಟು ಹೊತ್ತಿಸಿದ, ಹೆಣ ಅಲ್ಲಪ್ಪಾ ಬೀಚಮ್, ಆ ಹೊಲ ಇನ್ನೂ ಉಸಿರಾಡ್ತಿದೆ, ಹೂಳೋಕೆ ನಿಮಗೇ ಅವಸರ, ಮತ್ತೆ ನಗು, ಈ ಸಲ ಇವನ ಕಡೆಯವರಿಂದ, ಮುಳ್ಳು ನಿಂತಿತು, ಹನ್ನೆರಡಕ್ಕೆ ಕೂದಲೆಳೆಯಷ್ಟು ಹಿಂದೆ, ಏಣಿ ಹತ್ತಿದವನ ಬೆರಳಡಿ, ಅಷ್ಟರಲ್ಲಿ ಹೊರಗೆ ಚರ್ಚಿನ ಹನ್ನೆರಡರ ಗಂಟೆ, ಢಣ್, ಢಣ್, ಊರಿಗೆಲ್ಲ ಕೇಳಿಸಿತು, ಸಭಾಪತಿಗೆ ಮಾತ್ರ ಕಿವಿಯಿಲ್ಲ, ನಮ್ಮ ಗಡಿಯಾರದಲ್ಲಿ ಇನ್ನೂ ಹನ್ನೆರಡಾಗಿಲ್ಲ ಥರ್ಲೊ ಅವರೇ, ಬೇಗ ಮುಗಿಸಿ — ಸರಿ ಸ್ವಾಮಿ, ನೀವು ಹೇಳಿದ್ದೇ ಸರಿ, ಹೊತ್ತು ನಿಂತಿದೆ, ಹಾಗಾದ್ರೆ ತಡ ಆಯ್ತು ಅಂತ ನನಗೂ ಯಾರೂ ಹೇಳೋ ಹಾಗಿಲ್ಲ, ಮೊದಲಿಂದ ಶುರು ಮಾಡ್ತೀನಿ.

ಬೀಚಮ್‌ನ ನಗು ಅರ್ಧಕ್ಕೇ ಆರಿತು, ಏಣಿಯ ಮೇಲಿನ ತೋಳು ಆಗಲೇ ಸೋಲುತ್ತಿದೆ, ಅವನು ಕೈಬಿಟ್ಟರೆ ಹನ್ನೆರಡು, ಮಸೂದೆ ಸತ್ತಿತು, ಸೋಲುವುದು ಅವನ ತೋಳು ಮೊದಲೋ ನನ್ನ ಕಾಲು ಮೊದಲೋ, ನೋಡೇಬಿಡೋಣ, ಮಾನ್ಯ ಸಭಾಪತಿಗಳೇ, ಹೊಲ ಅಂದರೆ — ಬಾಯಿ ತಾನಾಗಿ ಮಾತಾಡುತ್ತ ಹೋಯಿತು, ಮನಸ್ಸು ಮಾತ್ರ ಕೆಜಾಯಳ ಹೊಲದಲ್ಲೇ ನಿಂತಿತು, ಸಂಜೆ, ಅವಳ ಎರಡು ಕೈ, ಅಲುಗಿಸಿ, ಅಲುಗಿಸಿ ಎಳೆದ ಗೂಟ, ಮೊನೆಗೆ ಹಸಿ ಮಣ್ಣು, ತಲೆಗೆ ಆ ಕೆಂಪು ಬಟ್ಟೆ, ಕೆಂಪು ಬಟ್ಟೆ