ಕುಯ್ಯಬಾರದ ರೊಟ್ಟಿ

"ಅಂಗಡಿ ತುಂಬಾ ರೊಟ್ಟಿ ಇದೆಯಲ್ಲ! ಮತ್ತೆ ಇವರೆಲ್ಲ ಯಾಕೆ ಬರಿಗೈಲಿ ನಿಂತಿದ್ದಾರೆ?"

ದೋನ್ ಚೆಲೆಸ್ತೀನೊ ಕೇಳಿದಾಗ ಅಂಗಡಿಯ ಪಸ್ಕಾಲೆ ರೊಟ್ಟಿಗಳನ್ನು ಹಲಗೆಯ ಮೇಲೆ ಜೋಡಿಸುತ್ತಲೇ ಇದ್ದ.

ನೇಪಲ್ಸ್‌ನಲ್ಲಿ ರೊಟ್ಟಿಯ ಬೆಲೆ ಏರುವ ಪದ್ಧತಿಯೇ ಇರಲಿಲ್ಲ. ಬರ ಬಂದರೆ ಬೆಲೆ ಅಲ್ಲೇ ನಿಂತು ರೊಟ್ಟಿ ಕುಗ್ಗುತ್ತಿತ್ತು. ಇದೆಲ್ಲ ಬರೀ ಕಣ್ಕಟ್ಟು, ಧಾನ್ಯದ ವ್ಯಾಪಾರಕ್ಕೆ ಹಾಕಿದ ಬೇಲಿ ಕಿತ್ತರೆ ಗೋಧಿ ತಾನಾಗಿ ಬರುತ್ತದೆ ಎಂದು ಪುಸ್ತಕ ಬರೆದು ಹೆಸರಾದವನು ಚೆಲೆಸ್ತೀನೊ. ಪಾಠ ಹೇಳಿಕೊಂಡಿದ್ದವನನ್ನು ಮಂತ್ರಿಗಳೇ ಕರೆದು ಧಾನ್ಯಮಂಡಳಿಯಲ್ಲಿ ಕೂರಿಸಿದ್ದರು. ಅವನ ಆಜ್ಞೆಯಂತೆ ರೊಟ್ಟಿ ಹಳೆಯ ತೂಕಕ್ಕೆ ಬಂದಿತ್ತು, ಬೆಲೆ ಏರಿತ್ತು, ಪುಲಿಯಾ ಸೀಮೆಯಿಂದ ಗೋಧಿಗಾಡಿಗಳೂ ಹೊರಟಿದ್ದವು. ಆದರೆ ಬೀದಿಯಲ್ಲಿ ಗಲಾಟೆಯಾದರೆ ಎಲ್ಲವೂ ರದ್ದು ಎಂದಿದ್ದರು ಮಂತ್ರಿಗಳು. ಆ ಭಯಕ್ಕೇ ಅವನು ಇವತ್ತು ಅಂಗಡಿ ನೋಡಲು ತಾನೇ ಬಂದಿದ್ದ.

"ದೊಡ್ಡ ರೊಟ್ಟಿ ಕಟ್ಕೊಂಡು ಏನ್ ಮಾಡ್ಲಿ?" ಸಾಲಿನಿಂದ ಮುದುಕಿ ಮೆನೀಕಾ ಕೂಗಿದಳು. "ನನ್ ಹತ್ರ ಇರೋದು ಅರ್ಧಕ್ಕಾಗೋ ಕಾಸು. ಅರ್ಧ ಕೊಡು ಅಂದ್ರೆ ಈ ಪುಣ್ಯಾತ್ಮ ಚಾಕು ಮುಟ್ಟಲ್ಲ!"

"ತೂಕದ ಮುದ್ರೆ ಒತ್ತಿದ ರೊಟ್ಟಿ ಕುಯ್ದ್ರೆ ನನ್ ಕೈಗೆ ಕೋಳ ಬೀಳುತ್ತೆ ಅಜ್ಜಿ," ಎಂದ ಪಸ್ಕಾಲೆ.

ತೂಕದಲ್ಲಿ ಮೋಸವಾಗದಿರಲೆಂದು ಯಾವ ಕಾಲದಲ್ಲೋ ಮಾಡಿದ ನಿಯಮ. ಬೇಲಿಗಳನ್ನೆಲ್ಲ ಕಿತ್ತ ಚೆಲೆಸ್ತೀನೊಗೆ ಇದೊಂದು ಹೊಳೆದೇ ಇರಲಿಲ್ಲ. ಅವನ ಮನೆಗೆ ಯಾವಾಗಲೂ ಇಡೀ ರೊಟ್ಟಿಯೇ ಬರುತ್ತಿತ್ತು. ನಾಚಿಕೆಯಿಂದ ಅವನ ಮುಖ ಬಿಸಿಯಾಯಿತು. ಪಸ್ಕಾಲೆ ಬೇಡವೆನ್ನುವಷ್ಟರಲ್ಲಿ ತಾನೇ ಚಾಕು ಎತ್ತಿಕೊಂಡು ಒಂದು ರೊಟ್ಟಿಯನ್ನು ಎರಡು ಮಾಡಿ, ಅರ್ಧವನ್ನು ಮುದುಕಿಯ ಕೈಗಿಟ್ಟ.

"ನಿನ್ ಹೊಟ್ಟೆ ತಣ್ಣಗಿರ್ಲಪ್ಪ," ಎಂದಳು ಮೆನೀಕಾ.

ಮೂಲೆಯಲ್ಲಿ ನಿಂತಿದ್ದ ಪೇದೆ ಬಂದ. "ಕುಯ್ದಿದ್ಯಾರು?"

"ನಾನು. ಮಂಡಳಿಯ ಚೆಲೆಸ್ತೀನೊ."

ಪೇದೆ ಟೋಪಿ ತೆಗೆದ. "ಯಾರು ಕುಯ್ದ್ರೂ ಶಿಕ್ಷೆ ಅಂಗಡಿಯವನಿಗೇ ಸ್ವಾಮಿ. ಹೊಸ ಆಜ್ಞೇಲೂ ಹಾಗೇ ಇದೆ. ಕೆಳಗೆ ತಮ್ಮದೇ ಸಹಿ."

"ಇವತ್ತೇ ಬದಲಾಯಿಸ್ತೀನಿ!"

"ಬದಲಾಯಿಸಿ ಸ್ವಾಮಿ. ಅಲ್ಲೀವರೆಗೆ ಇವನು ನನ್ ಜೊತೆ ಬರ್ಲಿ."

ಪಸ್ಕಾಲೆ ಮೈಮೇಲಿನ ಹಿಟ್ಟು ಕೊಡವಿಕೊಂಡ. "ಒಂದ್ ಮಾತು ಕೇಳಬಾರದಿತ್ತಾ, ದೋನ್ ಚೆಲೆಸ್ತೀನೊ?"

ಅವನನ್ನು ಕರೆದೊಯ್ದ ಮೇಲೆ ಅವನ ಹೆಂಡತಿ ಅಳುತ್ತಲೇ ಅಂಗಡಿಯ ಬಾಗಿಲು ಎಳೆದು ಒಳಗಿನಿಂದ ಅಗಳಿ ಹಾಕಿದಳು. ಬಿಸಿ ರೊಟ್ಟಿಯ ವಾಸನೆ ಮಾತ್ರ ಹೊರಗೆ ಉಳಿಯಿತು. ಸಾಲು ಚದುರಲಿಲ್ಲ. ಚೆಲೆಸ್ತೀನೊ ಏನೋ ಹೇಳಲು ಹೋದ. ಯಾರೂ ಅವನತ್ತ ನೋಡಲಿಲ್ಲ.

ಮೆನೀಕಾ ಅರ್ಧ ರೊಟ್ಟಿಯನ್ನು ಶಾಲಿನೊಳಗೆ ಭದ್ರವಾಗಿ ಸಿಕ್ಕಿಸಿಕೊಂಡಳು. ಆಮೇಲೆ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಬಗ್ಗಿ, ಬೀದಿಯಿಂದ ಒಂದು ಕಲ್ಲು ಎತ್ತಿಕೊಂಡಳು.