ಪಾರಿಯ ಮುಂದಿನ ಕತೆ

ಉಗುರಿನ ಸಂದಿಯ ಕೆಸರು ಬಿಡುತ್ತಿರಲಿಲ್ಲ. ಕರೆಮ್ಮ ಸೀಗೆಪುಡಿ ಹಚ್ಚಿ ತಿಕ್ಕಿದಳು, ನಾರಿನಿಂದ ಉಜ್ಜಿದಳು, ಕೊನೆಗೆ ಒಂದು ಜಾಲಿಮುಳ್ಳು ತಂದು ಒಂದೊಂದೇ ಉಗುರಿನೊಳಗೆ ಆಡಿಸಿದಳು. ಇಪ್ಪತ್ತು ವರ್ಷ ಗದ್ದೆಗಳಲ್ಲಿ ಸಸಿ ಹಚ್ಚಿದ ಬೆರಳುಗಳವು. ಕೆಸರು ಉಗುರಿನ ಬಣ್ಣವೇ ಆಗಿಹೋಗಿತ್ತು. ಗ್ಯಾನಮ್ಮ ತನ್ನ ಗುಡಿಸಲ ಮುಂದೆ ಹಲಗೆಯ ಮೇಲೆ, ಯಾರಿಗೂ ಏನೂ ಹೇಳದೆ, ಸುಮ್ಮನೆ ಮೀಯಿಸಿಕೊಳ್ಳುತ್ತಿದ್ದಳು.

ಕೊಡದಿಂದ ನೀರು ಹಾಕುತ್ತಿದ್ದ ದಾವಲ್‌ಬೀ ಕರೆಮ್ಮನ ಕೈ ಹಿಡಿದಳು.

"ಇರ್ಲಿ ಬಿಡವಾ. ಅಲ್ಲಿ ಕೂಲಿಗೆ ಕರೀಬೇಕಂದ್ರ ಗುರ್ತ ಬೇಕಲ್ಲ."

ಸುತ್ತಲಿದ್ದವರು ನಕ್ಕರು. ನಕ್ಕವರೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕಾಲುವೆ ತೋಡುವ ಕಾಲಕ್ಕೆ ಗಂಡನ ಜೊತೆ ಮಣ್ಣು ಹೊರಲು ಬಂದವಳು ಗ್ಯಾನಮ್ಮ. ಗಂಡ ನೀರು ಬರುವುದನ್ನು ನೋಡಲಿಲ್ಲ, ಜ್ವರ ಬಂದು ಹೋದ. ಇವಳು ನೀರಿನ ಹಿಂದೆ ಬಂದ ನಾಟಿ ಕೆಲಸ ಹಿಡಿದು ಬಳಗಾನೂರಿನ ಆಚೆಯ ಈ ಊರಲ್ಲೇ ಉಳಿದಳು. ಮಕ್ಕಳಿಲ್ಲ. ಬಂಧುಬಳಗ ಎಂದರೆ ಜೊತೆಯಲ್ಲಿ ಸಸಿ ಹಚ್ಚುವ ಹನ್ನೊಂದು ಹೆಂಗಸರು. ನಸುಕಿನಲ್ಲಿ ಕೆಲಸಕ್ಕೆ ಕರೆಯಲು ಬಂದ ಕರೆಮ್ಮ, ಎರಡು ಸಲ ಕೂಗಿ, ಮೂರನೆಯ ಸಲ ತಟ್ಟಿಯ ಬಾಗಿಲು ಸರಿಸಿ ಒಳಗೆ ಹೋಗಿದ್ದಳು.

ಬೇವಿನ ಕಟ್ಟೆಯ ಮೇಲೆ ಗಂಡಸರು ಚಟ್ಟಕ್ಕೆ ಬಿದಿರು ಸೀಳುತ್ತಿದ್ದರು. ಅವರ ನಡುವೆ ಕರೆಮ್ಮನ ಅಣ್ಣ ಆದೆಪ್ಪನೂ ಕೂತಿದ್ದ. ಹಿಂದಿನ ದಿನ ಮಸ್ಕಿಯ ಬಸ್ಸಿನಿಂದ ಇಳಿದಿದ್ದ. ಸಂಕ್ರಾಂತಿಗೆ ಕರೆಯಲು ಬಂದೆ ಎಂದಿದ್ದನಾದರೂ ಕರೆಮ್ಮನಿಗೆ ಕಾರಣ ಗೊತ್ತಿತ್ತು. ಮಗಳು ಹುಲಿಗೆಮ್ಮ ತೊಟ್ಟಿಲಲ್ಲಿದ್ದಾಗಲೇ ಅಣ್ಣನ ಮಗನಿಗೆ ಎಂದು ಮಾತಾಗಿತ್ತು. ಹುಲಿಗೆಮ್ಮನಿಗೆ ಈಗ ಹದಿಮೂರು, ಏಳನೇ ಇಯತ್ತೆ. ಅವನಿಗೆ ಇಪ್ಪತ್ತಾರು. ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುವ ಕರೆಮ್ಮನ ಗಂಡ, ಹೆಂಡತಿಯ ಅಣ್ಣನ ಎದುರು ಬಾಯಿ ಬಿಡುವವನಲ್ಲ.

ತಿಂಗಳ ಹಿಂದೆ ಆದೆಪ್ಪ ದಿನ ಗೊತ್ತುಮಾಡಲು ಬಂದಾಗ ಕರೆಮ್ಮ ಒಂದು ಮಾತಿನಿಂದ ತಡೆದಿದ್ದಳು. ಸರ್ಕಾರದ ಟೀವಿಯಲ್ಲಿ ಬಂದಿದೆ. ಪಾರಿ ಅನ್ನುವ ಚಿಕ್ಕ ಹುಡುಗಿಯ ಮದುವೆಗೆ ಪೊಲೀಸರು ಬಂದು ಮಾವನನ್ನು ಹಂದರದಿಂದಲೇ ಎಳೆದೊಯ್ದರು ಎಂದಿದ್ದಳು. ತುರ್ತು ಪರಿಸ್ಥಿತಿಯ ಆ ವರ್ಷ ಸರ್ಕಾರ ಎಂದರೆ ಜನ ದನಿ ತಗ್ಗಿಸಿ ಮಾತಾಡುತ್ತಿದ್ದರು. ಆದೆಪ್ಪ ಚಹಾ ಸಹ ಕುಡಿಯದೆ ಬಸ್ಸು ಹತ್ತಿದ್ದ.

* * *

ಹಿಂದಿನ ಮಳೆಗಾಲದಲ್ಲಿ ಸರ್ಕಾರದ ಜೀಪು ಬಂದು ಶಾಲೆಯಲ್ಲಿ ಟೀವಿ ಇಟ್ಟುಹೋಗಿತ್ತು. ಹೊರಗೆ ತಂತಿಬಲೆಯ ದೊಡ್ಡ ಛತ್ರಿಯೊಂದು ಮುಗಿಲಿಗೆ ಬಾಯಿ ತೆರೆದು ನಿಂತಿತು. ಹೊತ್ತು ಮುಳುಗುವಾಗ ಉಸ್ಮಾನ್‌ಸಾಬ್ ಮಾಸ್ತರರು ಬೀಗ ತೆಗೆದು ಪೆಟ್ಟಿಗೆ ಹಚ್ಚುತ್ತಿದ್ದರು. ಮೊದಲ ವಾರ ಊರೆಲ್ಲ ನೆರೆಯಿತು. ಆಮೇಲೆ ಹೆಂಗಸರು ಕಡಿಮೆಯಾದರು. ಅದು ರೊಟ್ಟಿ ಬಡಿಯುವ ಹೊತ್ತು. ಗ್ಯಾನಮ್ಮ ಮಾತ್ರ ಒಲೆ ಹಚ್ಚದೆ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಮೂರು ದಿನ ಬರೀ ನೀರು ಕುಡಿದು ಮಲಗಿದಳೆಂಬುದು ಆಮೇಲೆ ತಿಳಿಯಿತು.

ಪೆಟ್ಟಿಗೆಯೊಳಗಿನ ಗಂಡಸು ಕೈಮುಗಿದು ನಮಸ್ಕಾರ ಎಂದರೆ ಗ್ಯಾನಮ್ಮ ತಲೆ ತುಂಬ ಸೆರಗು ಹೊದ್ದು ತಾನೂ ಕೈಮುಗಿಯುತ್ತಿದ್ದಳು. ಹುಡುಗರು ನಕ್ಕರೆ, ಅವನಿಗೆ ಕಾಣದಿದ್ದರೇನು, ಕೈಮುಗಿದವರಿಗೆ ಕೈಮುಗಿಯುವುದನ್ನು ಬಿಡಬೇಕೇ ಎನ್ನುತ್ತಿದ್ದಳು. ಒಕ್ಕಲುತನದ ಕಾರ್ಯಕ್ರಮದಲ್ಲಿ ಪ್ಯಾಂಟು ಮಡಚಿದ ಸಾಹೇಬನೊಬ್ಬ ಸಸಿ ಹಚ್ಚಿ ತೋರಿಸಿದಾಗ, ಅಷ್ಟು ಆಳಕ್ಕೆ ಹೂಳಬೇಡ ತಮ್ಮಾ ಎಂದು ಕೂತಲ್ಲಿಂದಲೇ ತಿದ್ದಿದ್ದಳು. ಗೊಂಬೆಯಾಟ ಬಂದ ದಿನ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎಲ್ಲಕ್ಕಿಂತ ಅವಳಿಗೆ ಹಿಡಿಸಿದ್ದು ಕಂತಿನಲ್ಲಿ ಬರುವ ಕತೆಗಳು. ಇವತ್ತಿಗೆ ಮುಗಿಯದೆ ನಾಳೆಗೆ ಉಳಿಯುತ್ತವಲ್ಲ, ಅಂಥವು.

ಮರುದಿನ ಗದ್ದೆಯಲ್ಲಿ, ಬಗ್ಗಿದ ಬೆನ್ನಿನಲ್ಲೇ, ಅವಳು ಅದನ್ನೆಲ್ಲ ಹೇಳುತ್ತಿದ್ದಳು. ಗಂಡಸಿಗೊಂದು ದನಿ, ಹೆಂಗಸಿಗೊಂದು ದನಿ. ಅವಳು ಕತೆ ಹೇಳಿದ ದಿನ ಎರಡು ಮಡಿ ನಾಟಿ ಮುಗಿದದ್ದೇ ಯಾರಿಗೂ ತಿಳಿಯುತ್ತಿರಲಿಲ್ಲ. ಹೀಗಾಗಿ ಹೆಂಗಸರೇ ಒಂದು ಕಟ್ಟಳೆ ಮಾಡಿಕೊಂಡರು. ಪಾಳಿಯಂತೆ ದಿನಕ್ಕೊಬ್ಬರು ಗ್ಯಾನಮ್ಮನ ಪಾಲಿನ ಎರಡು ರೊಟ್ಟಿ ಬಡಿಯಬೇಕು; ಗ್ಯಾನಮ್ಮ ಎಲ್ಲರ ಪರವಾಗಿ ಟೀವಿ ನೋಡಿ ಬರಬೇಕು.

* * *

ಉಸ್ಮಾನ್‌ಸಾಬ್ ಮಾಸ್ತರರು ಬರುವ ಹೊತ್ತಿಗೆ ಹೊಸ ಸೀರೆ ಉಡಿಸಿಯಾಗಿತ್ತು. ಅವರು ಚಪ್ಪಲಿ ದೂರ ಬಿಟ್ಟು ಬಂದು, ಹೂವಿಟ್ಟು, ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತರು. ಆಮೇಲೆ ಕಟ್ಟೆಯ ಕಡೆ ತಿರುಗಿ, ಒಳ್ಳೆಯದನ್ನು ಹೇಳುವ ಮನಸ್ಸಿನಿಂದಲೇ ಹೇಳಿದರು.

"ಇಂಥಾ ಹೆಣ್ಮಗಳನ್ನ ನಾ ನೋಡಿಲ್ರಿ. ಪೆಟ್ಟಿಗಿ ಕೆಟ್ಟು ನಲವತ್ತು ದಿನ ಆತು, ನಾ ಖೋಲಿಗೆ ಬೀಗ ಹಾಕೀನಿ. ಆದ್ರೂ ದಿನಾ ಬರ್ತಿದ್ಲು. ರಿಪೇರಿಯವ್ರು ಬಂದ್ರೇನ್ರಿ ಮಾಸ್ತರ ಅಂತ ಕೇಳಿ, ಅಲ್ಲೇ ಕಟ್ಟಿ ಮ್ಯಾಲ ಕುಂದರತಿದ್ಲು."

ವಿಭೂತಿಯ ಬಟ್ಟಲು ಹಿಡಿದಿದ್ದ ಕರೆಮ್ಮ ಹೆಂಗಸರ ಕಡೆ ತಿರುಗಿದಳು. ನಲವತ್ತು ದಿನ ಪಾಳಿಯಂತೆ ರೊಟ್ಟಿ ಬಡಿದ ಹೆಂಗಸರೆಲ್ಲ ಅಲ್ಲೇ ಇದ್ದರು. ಹೆಣದ ಮುಂದೆ ಈಗ ಯಾವ ಮಾತು ಬರುತ್ತದೋ ಎಂದು ಅವಳು ಹೆದರಿದಳು. ಆದರೆ ಯಾರೂ ತಲೆ ಎತ್ತಲಿಲ್ಲ. ದಾವಲ್‌ಬೀ ಗ್ಯಾನಮ್ಮನ ಕೂದಲು ಬಾಚುವುದನ್ನು ಸಹ ನಿಲ್ಲಿಸಲಿಲ್ಲ.

"ನಮ್ ಹುಡುಗ್ರು ಮೊದಲನೇ ದಿನಾನ ಹೇಳಿದ್ವು ಬಿಡ್ರಿ," ಅಂದಳು. "ನಮಗ ಗೊತ್ತೈತಂತ ಆಕಿಗೆ ಗೊತ್ತಾಗಬಾರದಂತ ಸುಮ್ನಿದ್ವಿ."

ಕರೆಮ್ಮ ಒಬ್ಬೊಬ್ಬರ ಮುಖ ನೋಡಿದಳು. ತನಗೊಬ್ಬಳಿಗೇ ಗೊತ್ತು ಎಂದುಕೊಂಡು ಇವಳು ಬಚ್ಚಿಟ್ಟುಕೊಂಡದ್ದನ್ನು ಉಳಿದ ಹತ್ತು ಜನವೂ ಬಚ್ಚಿಟ್ಟುಕೊಂಡಿದ್ದರು.

ತಿಳಿಯದೆ ಇದ್ದವನು ಹೊರಗಿನವನೊಬ್ಬನೇ. ಆದೆಪ್ಪ ಕಟ್ಟೆ ಇಳಿದು ಬಂದ. ನಲವತ್ತು ದಿನದ ಲೆಕ್ಕ ಅವನ ಮುಖದ ಮೇಲೆಯೇ ನಡೆಯುತ್ತಿತ್ತು.

"ಹಂಗಾದ್ರ ಕರೆವ್ವಾ, ಆ ಪೊಲೀಸರು ಬಂದಿದ್ದು?"

* * *

ಪೆಟ್ಟಿಗೆ ಕೆಟ್ಟ ನಾಲ್ಕನೆಯ ದಿನ ರೊಟ್ಟಿಯ ಪಾಳಿ ಕರೆಮ್ಮನದಾಗಿತ್ತು. ಕತ್ತಲಾಗುತ್ತ ಬಂದರೂ ಗ್ಯಾನಮ್ಮ ಮರಳಲಿಲ್ಲ. ರೊಟ್ಟಿ ಆರಿಹೋಗುತ್ತದೆಂದು ಕರೆಮ್ಮ ಅವನ್ನು ಸೆರಗಿನಲ್ಲಿ ಸುತ್ತಿಕೊಂಡು ಶಾಲೆಗೇ ಹೋದಳು. ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಖೋಲಿಗೆ ಬೀಗ ಬಿದ್ದಿತ್ತು. ಬೀಗದ ಎದುರು, ತಲೆ ತುಂಬ ಸೆರಗು ಹೊದ್ದು, ಗ್ಯಾನಮ್ಮ ಒಬ್ಬಳೇ ಕೂತು ಎರಡು ದನಿಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು.

ಕರೆಮ್ಮನನ್ನು ಕಂಡು ಅವಳು ಬೆಚ್ಚಲಿಲ್ಲ. ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

"ಪಾರೀನ ಮೂರು ದಿನ ನೋಡಿದ್ನೆವಾ. ಅರಿಶಿಣ ಹಚ್ಚಿ ಹಂದರದಾಗ ಕುಂದರಿಸಿದ್ರು. ನಿನ್ನ ಹುಲಿಗಿಯಷ್ಟ ಅದಾಳ. ಅಷ್ಟರಾಗ ಪೆಟ್ಟಿಗಿ ಕತ್ತಲಾಗಿ ಹೋತು. ಹುಡುಗೀನ ಹಂಗ ಬಿಟ್ಟು ಹೆಂಗ ಮನಿಗಿ ಬರ್ಲಿ?"

"ಈಗೇನ ಮಾಡ್ತಿ ಆಕೀನ?"

"ಅದ ಇಚಾರ ಮಾಡಾಕತ್ತೀನಿ. ಮದಿವಿ ಆಗಿಬಿಡ್ಲೇನು? ಎಲ್ಲಾರ್ದೂ ಆಗತೈತಿ. ನಂದೂ ಆತು, ನಿಂದೂ ಆತು."

ರೊಟ್ಟಿಯ ಬಿಸಿ ಕರೆಮ್ಮನ ಹೊಟ್ಟೆಗೆ ತಾಕುತ್ತಿತ್ತು. ಅವಳು ಪಕ್ಕದಲ್ಲಿ ಕೂತು ಬೀಗವನ್ನು ನೋಡಿದಳು.

"ಪೊಲೀಸರು ಬರ್ಲಿ," ಅಂದಳು.

"ಪೊಲೀಸರೇನ ತಾವಾಗಿ ಬರ್ತಾರ? ಯಾರರೆ ಕರೀಬೇಕಲ್ಲ."

"ಹಡದಾಕಿ ಕರಸ್ಯಾಳಂತ ಹೇಳು."

ಗ್ಯಾನಮ್ಮ ಅವಳನ್ನು ನೋಡಿದಳು. ರೊಟ್ಟಿ ಮುರಿದು ಅರ್ಧ ಕರೆಮ್ಮನ ಕೈಗಿಟ್ಟಳು.

ಮರುದಿನ ಗದ್ದೆಯಲ್ಲಿ, ಗ್ಯಾನಮ್ಮನ ಕತೆಯೊಳಗೆ ಪೊಲೀಸರು ಹಂದರಕ್ಕೆ ನುಗ್ಗಿದಾಗ ಹೆಂಗಸರೆಲ್ಲ ಕೈಯಲ್ಲಿ ಸಸಿ ಹಿಡಿದು ನೆಟ್ಟಗೆ ನಿಂತುಬಿಟ್ಟರು. ಕರೆಸಿದವರು ಯಾರು ಎಂದು ದಾವಲ್‌ಬೀ ಎರಡೆರಡು ಸಲ ಕೇಳಿದಳು. ಅದು ಮುಂದೆ ಬರುತ್ತದೆ ಎಂದು ಗ್ಯಾನಮ್ಮ ಹಾರಿಸಿದಳು. ಪಾರಿ ಶಾಲೆಗೆ ಹೋದಳು, ಪರೀಕ್ಷೆಗೆ ಕೂತಳು, ಊರ ಬಾವಿಯ ಹತ್ತಿರ ಚಾಡಿ ಮಾತು ಕೇಳಿಸಿಕೊಂಡಳು. ಕರೆಸಿದವರ ಹೆಸರು ಮಾತ್ರ ಯಾವ ದಿನದ ಕತೆಯಲ್ಲೂ ಬರಲಿಲ್ಲ.

* * *

"ಅದು ಸುಳ್ಳಣ್ಣ," ಅಂದಳು ಕರೆಮ್ಮ. "ಪೊಲೀಸರನ್ನ ಕರಸಿದಾಕಿ ನಾನ."

ಬಾಚಣಿಗೆ ಹಿಡಿದ ದಾವಲ್‌ಬೀಯ ಕೈ ಈಗ ನಿಂತಿತು.

ಆದೆಪ್ಪ ಸಿಟ್ಟಾಗಲಿಲ್ಲ. ತಿಂಗಳಿಂದ ಹೆಗಲ ಮೇಲಿದ್ದ ಮೂಟೆ ಇಳಿಸಿದವನಂತೆ ಹಗುರಾದ. ತಂಗಿ ಹೆದರಿಸಿದಳು, ತಾನು ಹೆದರಿದೆ, ಇರಲಿ ಎಂದ. ಹಿರಿಯರು ಹೇಗೂ ಕೂಡಿದ್ದಾರೆ, ಮಣ್ಣು ಮುಗಿಸಿ ಬಂದ ಮೇಲೆ ಮಾತು ಗಟ್ಟಿ ಮಾಡಿಬಿಡೋಣ, ಮದುವೆಯ ಅಕ್ಕಿಕಾಳು ಹುಣ್ಣಿಮೆಯ ನಂತರ ಹಾಕಿದರಾಯಿತು ಎಂದ. ಚಟ್ಟದ ಹಗ್ಗ ಬಿಗಿಯುತ್ತಿದ್ದ ಇಬ್ಬರು ಹೌದೆಂದು ತಲೆಯಾಡಿಸಿದರು.

ಕರೆಮ್ಮ ಬಟ್ಟಲನ್ನು ನೆಲಕ್ಕಿಟ್ಟಳು.

"ಹುಲಿಗಿ ಓದಾಕತ್ತಾಳ. ಆಕೀನ ಈಗ ಕೊಡಂಗಿಲ್ಲ. ಇದನ್ನ ಟೀವಿ ಹೇಳಿಲ್ಲಣ್ಣ, ಸರ್ಕಾರ ಹೇಳಿಲ್ಲ. ನಾ ಹೇಳಾಕತ್ತೀನಿ."

"ತವರು ಬ್ಯಾಡಾತು ಅನ್ನು."

ಬೇಕಿತ್ತು. ನಾಗರ ಪಂಚಮಿಗೆ ಒಂದು ಸೀರೆ, ಹಡೆದಾಗ ಹೋಗಿ ಮಲಗಿದ ಪಡಸಾಲೆ, ಅವ್ವನ ಕೈಯ ಬೀಸುಕಲ್ಲು, ಎಲ್ಲ ಬೇಕಿತ್ತು. ಅವಳು ಬಟ್ಟಲೆತ್ತಿಕೊಂಡು ಗ್ಯಾನಮ್ಮನ ಹಣೆಗೆ ವಿಭೂತಿ ಹಚ್ಚತೊಡಗಿದಳು. ಆದೆಪ್ಪ ಸ್ವಲ್ಪ ಹೊತ್ತು ಕಾದ. ಆಮೇಲೆ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ಸಿನ ಹಾದಿ ಹಿಡಿದ. ಹೆಣ ಎತ್ತುವವರೆಗೂ ನಿಲ್ಲಲಿಲ್ಲ.

ಭಜನೆಯವರು ಮುಂದೆ, ಹೆಂಗಸರು ಹಿಂದೆ. ಕುಣಿಯ ಹತ್ತಿರ ಮೊದಲ ಹಿಡಿ ಮಣ್ಣು ಯಾರು ಹಾಕಬೇಕೆಂಬ ಮಾತು ಬಂತು. ಹನ್ನೊಂದು ಹೆಂಗಸರೂ ಒಟ್ಟಿಗೆ ಬಗ್ಗಿ ಹಾಕಿದರು. ಬಗ್ಗಿ ಕೆಲಸ ಮಾಡಿ ರೂಢಿಯಾದವರು, ಒಬ್ಬರ ಕೈಗೊಬ್ಬರ ಕೈ ತಾಗಲಿಲ್ಲ.

ಕಾಲುವೆಯಲ್ಲಿ ಮುಳುಗಿ ಎದ್ದಾಗ ಗದ್ದೆಯ ಯಜಮಾನನ ಆಳು ದಂಡೆಯ ಮೇಲೆ ಸಂಕೋಚದಿಂದ ನಿಂತಿದ್ದ. ನಿನ್ನೆ ಕಿತ್ತಿಟ್ಟ ಸಸಿ ಹಳದಿಗೆ ತಿರುಗುತ್ತಿದೆ, ನಾಳೆಗೆ ಉಳಿಯುವುದಿಲ್ಲ ಎಂದ. ಹೆಂಗಸರು ಮುಖ ಮುಖ ನೋಡಿಕೊಂಡು ಒದ್ದೆ ಸೀರೆಯಲ್ಲೇ ಗದ್ದೆಗೆ ಇಳಿದರು. ಯಾರೂ ಹೇಳದೆ ತಂತಮ್ಮ ಜಾಗದಲ್ಲಿ ಸಾಲು ನಿಂತರು. ಕರೆಮ್ಮನಿಗೂ ದಾವಲ್‌ಬೀಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಉಳಿಯಿತು.

ನಾಲ್ಕು ಹೆಜ್ಜೆ ಹಿಂದೆ ಸರಿಯುವವರೆಗೆ ಸಸಿ ಕೆಸರಿಗೆ ಇಳಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಮೇಲೆ ದಾವಲ್‌ಬೀ ತಲೆ ಎತ್ತದೆ ಕೇಳಿದಳು.

"ಕರಸಿದಾಕಿ ಪಾರಿಯವ್ವ ಅನ್ನು. ಮುಂದ ಏನಾತು ಆಕಿಗೆ?"

ಕರೆಮ್ಮ ಕೈಯಲ್ಲಿದ್ದ ಕಟ್ಟು ಹಚ್ಚಿ ಮುಗಿಸಿದಳು. ಇನ್ನೊಂದು ಕಟ್ಟು ಬಿಚ್ಚಿದಳು.

"ಆಕಿ ಅಣ್ಣ ಎದ್ದು ಹೋದ," ಅಂದಳು. ಗ್ಯಾನಮ್ಮನ ಹಾಗೆ ಎರಡು ದನಿ ಅವಳಿಗೆ ಬರುತ್ತಿರಲಿಲ್ಲ. ಇದ್ದ ಒಂದೇ ದನಿಯಲ್ಲಿ ಹೇಳುತ್ತ ಹೋದಳು.

ಸಾಲು ಹಿಂದೆ ಸರಿಯುತ್ತ ಬಂತು. ಎರಡೂ ಬದಿ ಹಸಿರು ಏಳುತ್ತಿದ್ದಂತೆ ನಡುವೆ ಒಂದಾಳಿನ ಅಗಲದ ಪಟ್ಟಿ ಬದುವಿನಿಂದ ಹಾಗೆಯೇ ಉದ್ದಕ್ಕೆ ಉಳಿಯಿತು. ಆ ಕಡೆಗೆ ಯಾರೂ ಕೈ ಚಾಚಲಿಲ್ಲ. ಹೆಜ್ಜೆ ಬೀಳದ ನೀರು ಅಲ್ಲಿ ತಿಳಿಯಾಗಿತ್ತು. ಎಲ್ಲಿಂದಲೋ ಒಂದು ಬೆಳ್ಳಕ್ಕಿ ಇಳಿದು ಬಂದು ಅದರೊಳಗೆ ನಿಂತಿತು. ಹೆಂಗಸರು ಒಂದು ಹೆಜ್ಜೆ ಹಿಂದೆ ಇಟ್ಟರೆ ಅದೂ ಒಂದು ಹೆಜ್ಜೆ ಇಡುತ್ತ, ಕತ್ತು ಓರೆ ಮಾಡಿಕೊಂಡು, ಅವರ ಸಾಲಿನ ಜೊತೆಗೇ ಬರುತ್ತಿತ್ತು.